ನಾ ಮುಟ್ಟಿಲ್ರಿ

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಉಳಿದಿದೆ. "ನಾ ಮುಟ್ಟಿಲ್ರಿ." ಹೇಳಿದ್ದು ಮಲ್ಪೆಯಲ್ಲಿ ಡೀಸೆಲ್ ಎಂಜಿನ್‌ಗಳ ಪಂಪ್ ರಿಪೇರಿ ಮಾಡುವ ಒಂದು ಗ್ಯಾರೇಜಿನ ಹುಡುಗ. ಊರು ಕೊಪ್ಪಳದ ಕಡೆ. ಇಪ್ಪತ್ತು ದಾಟಿರಲಿಕ್ಕಿಲ್ಲ.

ನನ್ನ ಹಳೇ ಡೀಸೆಲ್ ಜೀಪು ಉಡುಪಿಯ ಕಲ್ಸಂಕದ ಹತ್ತಿರ ಎರಡು ಸಲ ಆಫ್ ಆಗಿತ್ತು. ಎಕ್ಸಿಲೇಟರ್‌ನಿಂದ ಕಾಲು ತೆಗೆದರೆ ಎಂಜಿನ್ ಒಮ್ಮೆ ಏರುವುದು, ಒಮ್ಮೆ ಇಳಿಯುವುದು, ಕೊನೆಗೆ ನಿಂತೇ ಹೋಗುವುದು. ಮಳೆ ಬೇರೆ, ಹಿಂದಿನವರ ಹಾರ್ನ್ ಬೇರೆ. ಮನೆಗೆ ಬಂದವನೇ ಬಾನೆಟ್ ಎತ್ತಿದೆ. ಎಂಜಿನ್‌ಗೆ ಡೀಸೆಲ್ ಕೊಡುವ ಪಂಪಿನಲ್ಲಿ, ಕಾಲು ತೆಗೆದಾಗ ಲಿವರ್ ಹಿಂದೆ ಬಂದು ತಾಗುವ ಸಣ್ಣ ಸ್ಕ್ರೂ ಇದೆಯಲ್ಲ, ಎಂಜಿನ್ ಎಷ್ಟು ನಿಧಾನಕ್ಕೆ ಇಳಿಯಬೇಕು ಎಂಬುದನ್ನು ಹಿಡಿಯುವುದು, ಅದರ ಲಾಕ್‌ನಟ್ ಸಡಿಲಿಸಿ ಒಂದೂವರೆ ಸುತ್ತು ತಿರುಗಿಸಿದೆ. ಎಂಜಿನ್ ಜೋರಾಯಿತು, ಆಫ್ ಆಗುವುದು ನಿಂತಿತು. ಸರಿಯಾಯ್ತು ಅಂದುಕೊಂಡೆ. ಆದರೆ ವಾರದೊಳಗೆ ಗೇರ್ ಹಾಕುವಾಗ ಕರಕರ ಸದ್ದು. ಬೆಳಿಗ್ಗೆ ಸ್ಟಾರ್ಟ್ ಆಗಲು ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಗ್ಯಾರೇಜಿನವರಿಗೆ ಈಗಲೇ ಜಾಸ್ತಿ ಕೆಲಸ. ಬೆಂಚಿನ ತುಂಬ ಬೋಟಿನ ಪಂಪುಗಳು. ಮೈಕೋ ಕಂಪನಿ 2008ರಲ್ಲೇ ಬಾಷ್ ಆಯಿತು, ಆದರೂ ಇಲ್ಲಿ ಎಲ್ಲರ ಬಾಯಲ್ಲಿ ಅದು ಮೈಕೋ ಪಂಪೇ. ಗ್ಯಾರೇಜಿನ ಯಜಮಾನರ ಕೈ ಬಹಳ ಒಳ್ಳೆಯದು. ಬಾಯಿ ಮಾತ್ರ ಬಿಸಿ. ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಮೊದಲು ಕೇಳಿದ್ದೇ ಇದು:

"ಇದನ್ನು ಯಾರು ಮುಟ್ಟಿದ್ದು ಮಾರಾಯ್ರೆ?"

ಲಾಕ್‌ನಟ್‌ನ ಮೂಲೆಯಲ್ಲಿ ಸ್ಪ್ಯಾನರ್ ಜಾರಿದ ಹೊಸ ಗೀರು ಹೊಳೆಯುತ್ತಿತ್ತು. ನಾನು "ಗೊತ್ತಿಲ್ಲ" ಅಂದೆ. ಯಾಕೆ ಹಾಗಂದೆನೋ. ಬೈಗುಳದ ಹೆದರಿಕೆ ಇರಬೇಕು.

ಅವರು ತಿರುಗಿದ್ದು ಹುಡುಗನ ಕಡೆಗೆ. ತಿಂಗಳ ಹಿಂದೆ ನನ್ನ ಜೀಪಿಗೆ ಡೀಸೆಲ್ ಫಿಲ್ಟರ್ ಹಾಕಿದ್ದು ಅವನೇ.

"ಫಿಲ್ಟರ್ ಹಾಕ್ಲಿಕ್ಕೆ ಹೇಳಿದ್ರೆ ನೀನು ಪಂಪಿಗೆ ಕೈ ಹಾಕಿದ್ದಾ?"

"ನಾ ಮುಟ್ಟಿಲ್ರಿ."

ಒಂದೇ ಸಲ ಹೇಳಿದ. ನನ್ನ ಕಡೆ ನೋಡಲೂ ಇಲ್ಲ. ಯಜಮಾನರು ಕನ್ನಡದಲ್ಲಿ ಎರಡು ಮಾತು ಬೈದು, ಉಳಿದದ್ದನ್ನು ತುಳುವಿನಲ್ಲಿ ಬೈದರು. ಅವನಿಗೆ ಅರ್ಥವಾಯಿತೋ ಇಲ್ಲವೋ. ನನಗೆ ಪ್ರತಿ ಶಬ್ದ ಅರ್ಥವಾಯಿತು. ನಾನು ಸುಮ್ನೆ ನಿಂತಿದ್ದೆ.

ಆಮೇಲೆ ಅವರು ಕೆಲಸಕ್ಕೆ ಕೂತರು. ಪಂಪಿನಲ್ಲಿ ಇನ್ನೊಂದು ಸ್ಕ್ರೂ ಇದೆ, ಎಂಜಿನ್ ಎಷ್ಟು ಜೋರಾಗಿ ಓಡಬಹುದು ಎಂಬ ಮಿತಿಯದ್ದು. ಅದರ ಸೀಸದ ಸೀಲ್ ಹಾಗೇ ಇದೆಯಾ ಅಂತ ಮೊದಲು ನೋಡಿದರು. ಇತ್ತು. ನಂತರ ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಬೆರಳಿನಿಂದ ಬಗ್ಗಿಸುತ್ತಾ ಬಂದರು. ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅದು ಡೀಸೆಲ್ ಎಳೆಯುವ ಬದಿ. ಅಲ್ಲಿ ಬಿರುಕು ಬಿಟ್ಟರೆ ಓಡುವಾಗ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿಯಿಡೀ ನಿಂತರೆ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಗಿನ ತಂಟೆಗೂ ಅದೇ ಕಾರಣ. ನಾನು ಸ್ಕ್ರೂ ತಿರುಗಿಸಿ ರೋಗವನ್ನು ಮುಚ್ಚಿಟ್ಟಿದ್ದೆ, ಅಷ್ಟೇ.

ಪೈಪು ಬದಲಿಸಿ, ಏರ್ ತೆಗೆದು, ಎಂಜಿನ್ ಬಿಸಿಯಾಗುವ ತನಕ ಕಾದರು. ಎಕ್ಸಿಲೇಟರ್ ಕೇಬಲ್ ಬಿಗಿ ಹಿಡಿದಿಲ್ಲ, ಲಿವರ್ ಸ್ಕ್ರೂಗೆ ಸರಿಯಾಗಿ ತಾಗುತ್ತಿದೆ ಅಂತ ನೋಡಿಕೊಂಡರು. ಎಂಜಿನ್ನಿನ ಪುಲ್ಲಿ ಚಕ್ರಕ್ಕೆ ಹೊಳೆಯುವ ಚೂರು ಅಂಟಿಸಿ, ಸುತ್ತು ಎಣಿಸುವ ಮೀಟರ್ ಹಿಡಿದರೆ ನಿಮಿಷಕ್ಕೆ ಸಾವಿರ ಸುತ್ತಿನ ಮೇಲೆ ತೋರಿಸುತ್ತಿತ್ತು. ಬೇಕಾದದ್ದು 700-800. ಕಾಲು ಸುತ್ತು ಬಿಚ್ಚುವುದು, ಒಮ್ಮೆ ಜೋರು ಮಾಡಿ ಬಿಡುವುದು, ಎಂಜಿನ್ ಇಳಿದು ನಿಲ್ಲುವ ಜಾಗ ನೋಡುವುದು. ಮತ್ತೆ ಕಾಲು ಸುತ್ತು. ನಾನು ಎಣಿಸುತ್ತಿದ್ದೆ. ಆರು ಸಲ. ನನ್ನ ಒಂದೂವರೆ ಸುತ್ತು ಪೂರ್ತಿ ವಾಪಸ್ ಬಂತು. ಸ್ಕ್ರೂ ಅಲುಗದಂತೆ ಹಿಡಿದು ಲಾಕ್‌ನಟ್ ಬಿಗಿಮಾಡಿ, ಇನ್ನೊಮ್ಮೆ ಮೀಟರ್ ಹಿಡಿದರು. ಬಿಗಿಮಾಡುವಾಗಲೂ ಸ್ವಲ್ಪ ಸರಿಯುತ್ತದಂತೆ.

ಎಂಜಿನ್ ಅಷ್ಟು ಹದವಾಗಿ ಓಡುವುದನ್ನು ಕೇಳಿ ವರ್ಷವೇ ಆಗಿತ್ತು. ನನಗೆ ಖುಷಿಯಾಗಲಿಲ್ಲ.

ಮಲ್ಪೆಯಲ್ಲಿ ಬಲೆ ಎಳೆಯುವುದರಿಂದ ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ನೋಝಲ್ ತೊಳೆಯುವ ತನಕ ಎಷ್ಟೊಂದು ಕೈಗಳು ಘಟ್ಟದ ಆಚೆಯಿಂದ ಬಂದವು. ಒಂದು ಸ್ಪ್ಯಾನರ್ ಕಾಣದಿದ್ದರೂ ಮೊದಲು ಕೇಳುವುದು ಅವರನ್ನೇ. ಅವರೆದುರೇ ತುಳುವಿನಲ್ಲಿ ಅವರ ಬಗ್ಗೆ ಮಾತಾಡುತ್ತೇವೆ. ಅವನು ನಿಜ ಹೇಳಿದ, ಯಾರೂ ನಂಬಲಿಲ್ಲ. ನಾನು ಸುಳ್ಳು ಹೇಳಿದೆ, ನನಗೆ ಕುರ್ಚಿ ಕೊಟ್ಟು ಚಾ ತರಿಸಿದರು. ಈ ಲೆಕ್ಕ ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ.

ಗುರುವಾರ ಮತ್ತೆ ಹೋದೆ. ಯಜಮಾನರಿಗೆ ಹೇಳಿದೆ, ಸ್ಕ್ರೂ ತಿರುಗಿಸಿದ್ದು ನಾನೇ ಅಂತ. "ಆಯ್ತು ಬಿಡಿ ಮಾರಾಯ್ರೆ" ಅಂದು ಅವರು ಪಂಪಿನತ್ತ ಬಾಗಿದರು. ನನಗೆ ಬೈಗುಳವೇ ಇಲ್ಲ. ಹುಡುಗನನ್ನು ಕರೆಯಲೂ ಇಲ್ಲ.

ಹಿಂದೆ ತಗಡಿನ ಮಾಡಿನ ಕೆಳಗೆ ಅವನು ಡೀಸೆಲ್ ಡಬ್ಬಿಯಲ್ಲಿ ನೋಝಲ್ ತೊಳೆಯುತ್ತಿದ್ದ. ಹತ್ತಿರ ಹೋಗಿ ಹೇಳಿದೆ. ತಪ್ಪಾಯ್ತು ಅಂದೆ. ಅವನು ತಲೆ ಎತ್ತಿ ನೋಡಿದ.

"ನಾ ಆವತ್ತ ಹೇಳಿದ್ನಲ್ರಿ" ಅಂದು ಮತ್ತೆ ಬ್ರಷ್ ಹಿಡಿದ.