ಲೆಕ್ಕದ ಮೇಷ್ಟ್ರು ಮತ್ತು ಬಾಂದುಕಲ್ಲು

ನಾನು ಓದುವಾಗ ನಮ್ಮ ಶಾಲೆಯಲ್ಲಿ ಬೀಜಗಣಿತ ಅಂದರೆ ನಡುಗುವವರು ಬೇಕಾದಷ್ಟು ಜನ ಇದ್ದರು, ರೇಖಾಗಣಿತಕ್ಕೆ ಹೆದರುವವರು ಕಡಿಮೆ. ನಮ್ಮ ಲೆಕ್ಕದ ಮೇಷ್ಟ್ರು ಅದನ್ನು ಪುಸ್ತಕದಿಂದ ಶುರುಮಾಡದೆ ಜಗಳದಿಂದ ಶುರುಮಾಡುತ್ತಿದ್ದುದೇ ಇದಕ್ಕೆ ಕಾರಣವಿರಬೇಕು. ಎಂಟನೇ ತರಗತಿಯ ಮೊದಲ ಪಾಠದ ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕಿ ಇಟ್ಟು "ಇದೇನ್ರೋ?" ಅಂದರು. "ಬಿಂದು ಸಾರ್" ಎಂದು ತರಗತಿಗೆ ತರಗತಿಯೇ ಕೂಗಿತು. ಪಕ್ಕದಲ್ಲಿ ಇನ್ನೊಂದು, ತುಸು ದಪ್ಪಗೆ. "ಇದು?" "ಬಿಂದು ಸಾರ್." ಈ ಸಲ ದನಿ ಇಳಿದಿತ್ತು. ಮೂರನೆಯದನ್ನು ಅಂಗೈಯಗಲ ಆಗುವ ತನಕ ತಿದ್ದಿದರು. ಹಿಂದಿನ ಬೆಂಚಿನಿಂದ ಯಾರೋ "ಇಡ್ಲಿ ಸಾರ್" ಅಂದ.

"ಮೊದಲನೇದೂ ಇಡ್ಲೀನೇ ಕಣಯ್ಯ, ಚಿಕ್ಕದು ಅಷ್ಟೇ. ಬಿಂದು ಬೋರ್ಡಿನ ಮೇಲೆ ಇಲ್ಲ. ಅದು ಎಲ್ಲಿದೆ ಅಂತ ತೋರಿಸೋಕೆ ಇದನ್ನ ಇಟ್ಟಿದೀನಿ."

ಆಮೇಲೆ ಯೂಕ್ಲಿಡ್ ಬಂದ. ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದವನು. ರೇಖಾಗಣಿತವನ್ನು 13 ಭಾಗಗಳ ಗ್ರಂಥವಾಗಿ ಜೋಡಿಸಿಟ್ಟವನು. ಮೊದಲ ಭಾಗ ತೆರೆಯುವುದೇ 23 ವ್ಯಾಖ್ಯೆಗಳಿಂದ. ಭಾಗಗಳಿಲ್ಲದ್ದು ಬಿಂದು, ಅಗಲವಿಲ್ಲದ ಉದ್ದ ರೇಖೆ ಎಂದು ಶುರುವಾಗುತ್ತದೆ. ಮುಂದಿನ ಬೆಂಚಿನ ಗೆಳತಿಯೊಬ್ಬಳು ಎದ್ದು ನಿಂತು "ಭಾಗ ಅಂದ್ರೆ ಏನು ಸಾರ್? ಉದ್ದ ಅಂದ್ರೆ?" ಎಂದು ಕೇಳಿದಳು. ಮೇಷ್ಟ್ರು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಒಂದನ್ನು ವಿವರಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು; ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ? ಅದಕ್ಕೇ ಬಿಂದು, ರೇಖೆ, ಸಮತಲ ಈ ಮೂರನ್ನು ವ್ಯಾಖ್ಯಾನಿಸದೆ ಹಾಗೇ ಇಟ್ಟುಕೊಂಡು ಹೊರಡುವುದು ಒಳ್ಳೆಯದು ಎಂದರು. ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ 1899ರಲ್ಲಿ ಹಾಗೆಯೇ ಮಾಡಿದ. ಅವು ಏನು ಎಂದು ಹೇಳುವ ಗೋಜಿಗೇ ಹೋಗದೆ, ಒಂದರೊಡನೆ ಒಂದು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಬರೆದ. ಎಂಟನೇ ತರಗತಿಯ ಮಕ್ಕಳಿಗೆ ಹಿಲ್ಬರ್ಟನ ಹೆಸರು ಬೇಕಿತ್ತೇ ಎಂದು ಈಗಲೂ ನನಗೆ ಅನುಮಾನ. ಪರೀಕ್ಷೆಗಂತೂ ಬರಲಿಲ್ಲ.

ನಡೆದುಕೊಳ್ಳುವ ರೀತಿಯನ್ನು ಮೈದಾನದಲ್ಲಿ ಕಲಿತೆವು. ಇಬ್ಬರನ್ನು ಎಲ್ಲಿ ಬೇಕಾದರೂ ನಿಲ್ಲಿಸಿ, ಅವರಿಬ್ಬರ ಮೂಲಕ ಒಂದೇ ಒಂದು ಸರಳರೇಖೆ. ಮೂರನೆಯವನು ಬಂದ ಕೂಡಲೇ ತಕರಾರು: ಅವನು ಸಾಲಿಗೆ ಸೇರಿದ್ದಾನೋ ಇಲ್ಲವೋ? ಮೊದಲನೆಯವನ ಬೆನ್ನಿಗೆ ಕಣ್ಣಿಟ್ಟು ನೋಡಿ, ಎರಡನೆಯವನ ತಲೆ ಮೂರನೆಯವನನ್ನು ಮರೆಮಾಡಿದರೆ ಮೂವರೂ ಒಂದೇ ರೇಖೆಯಲ್ಲಿದ್ದಾರೆ ಎಂದು ಲೆಕ್ಕ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಡ್ರಿಲ್ ಮೇಷ್ಟ್ರು ಮಾಡಿಸುತ್ತಿದ್ದುದೂ ಇದನ್ನೇ, ಬೈಗುಳ ಮಾತ್ರ ಹೆಚ್ಚು. ಸಮತಲಕ್ಕೆ ಸ್ಟಾಫ್ ರೂಮಿನಿಂದ ಎರಡು ಸ್ಟೂಲು ಬಂದವು. ಅಂಗಳದ ಉಬ್ಬುತಗ್ಗಿನಲ್ಲಿ ನಾಲ್ಕು ಕಾಲಿನದು ಕುಂಟಿತು, ಮೂರು ಕಾಲಿನದು ಎಲ್ಲಿಟ್ಟರೂ ಅಲ್ಲಾಡದೆ ಕೂತಿತು. ಒಂದೇ ರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಸಮತಲ. ನಾಲ್ಕನೆಯ ಕಾಲು ಆ ಸಮತಲಕ್ಕೆ ಸಿಗಲೇಬೇಕೆಂಬ ಕಟ್ಟುಪಾಡು ಎಲ್ಲಿದೆ?

ನಾನು ಮುಂದೆ ಸರ್ವೆ ಕೆಲಸಕ್ಕೆ ಸೇರಿದೆ. ಅಲ್ಲಿ ಜಮೀನು ಅಳೆಯುವ ಉಪಕರಣಗಳಾದ ಪ್ಲೇನ್ ಟೇಬಲ್ಲಿಗೂ ಥಿಯೋಡೊಲೈಟಿಗೂ ಈಗಿನ ಟೋಟಲ್ ಸ್ಟೇಷನ್ನಿಗೂ ಮೂರೇ ಕಾಲು. ಉಳುಮೆ ಮಾಡಿದ ಹೊಲದಲ್ಲಿ ಅದನ್ನು ಊರುವಾಗ ಯಾಕೆ ಎಂದು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

ಸರಳರೇಖೆ, ರೇಖಾಖಂಡ, ಕಿರಣ ಇವುಗಳ ವಿಷಯದಲ್ಲಿ ಮೇಷ್ಟ್ರು ಮಹಾ ಜಿಪುಣರು. ಸರಳರೇಖೆಗೆ ಎರಡೂ ತುದಿಯಲ್ಲಿ ಬಾಣ, ಕಿರಣಕ್ಕೆ ಒಂದು ಕಡೆ, ರೇಖಾಖಂಡಕ್ಕೆ ಎರಡು ಅಂತ್ಯಬಿಂದು. ಒಂದು ಬಾಣ ಮರೆತರೂ ಅರ್ಧ ಅಂಕ ಹೋಯಿತೆಂದೇ. ನಾವು ಗೊಣಗಿದರೆ "ಬಾಣ ಇಲ್ದಿದ್ರೆ ಅದು ಅಲ್ಲೇ ನಿಂತುಹೋಯ್ತು ಕಣ್ರೋ, ಮುಂದಕ್ಕೆ ಹೋಗ್ಲಿಲ್ಲ" ಅನ್ನುತ್ತಿದ್ದರು. ಅಳತೆಯಿಲ್ಲದೆ ಬರೀ ಚಕ್ಕುಬಂದಿ ಬರೆದಿರುವ ಹಳೆಯ ಕ್ರಯಪತ್ರ ಕೈಗೆ ಬಂದಾಗಲೆಲ್ಲ ಆ ಅರ್ಧ ಅಂಕ ನೆನಪಾಗುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ. ದಿಕ್ಕು ಇದೆ, ಎಷ್ಟು ದೂರಕ್ಕೆ ನಿಲ್ಲಬೇಕು ಎಂಬುದಿಲ್ಲ.

ಕೋನದ ಪಾಠದಲ್ಲಿ ನಮ್ಮೆಲ್ಲರಿಗೂ ಒಂದೇ ಭ್ರಮೆ: ಬಾಹು ಉದ್ದ ಇದ್ದರೆ ಕೋನ ದೊಡ್ಡದು. ಮೇಷ್ಟ್ರು ಬೋರ್ಡಿನ ಮೇಲೆ 30 ಡಿಗ್ರಿಯ ಕೋನವೊಂದನ್ನು ಮಾರುದ್ದದ ಬಾಹುಗಳಿಂದ, 60ರದ್ದನ್ನು ಬೆರಳುದ್ದದ ಬಾಹುಗಳಿಂದ ಬರೆದು ಮರದ ಕೋನಮಾಪಕ ಕೈಗೆ ಕೊಟ್ಟರು. ಬಾಹು ಎಷ್ಟು ಬೆಳೆದರೂ ಕೋನ ಬೆಳೆಯುವುದಿಲ್ಲ. ಆದರೆ ಕೋನದಲ್ಲಿ ತಪ್ಪಿದರೆ ಆ ತಪ್ಪು ಬಾಹುವಿನ ಜೊತೆ ಬೆಳೆಯುತ್ತಾ ಹೋಗುತ್ತದೆ. ಒಂದೇ ಒಂದು ಡಿಗ್ರಿ ಆಚೀಚೆ ಆದರೆ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಪಕ್ಕದವರ ಬೇಲಿ ದಾಟಲು ಅಷ್ಟು ಸಾಕು.

ನಾವು ಬರೆದ ಮೊದಲ ಸಾಧನೆ ಶೃಂಗಾಭಿಮುಖ ಕೋನಗಳದ್ದು. ಎರಡು ಸರಳರೇಖೆಗಳು ಛೇದಿಸಿದರೆ ಎದುರುಬದುರಿನ ಕೋನಗಳು ಸಮ. ಒಬ್ಬ ಹುಡುಗ ಕೋನಮಾಪಕ ಇಟ್ಟು ಅಳೆದು "ಇಲ್ಲ ಸಾರ್, ಒಂದು 64, ಇನ್ನೊಂದು 65" ಅಂದ. ಮೇಷ್ಟ್ರು ಅವನನ್ನು ಬೈಯಲಿಲ್ಲ. "ನಿನ್ನ ಪೆನ್ಸಿಲ್ ಗೆರೆಗೆ ಅಗಲ ಇದೆ, ಅದಕ್ಕೆ 65. ಈಗ ಅಳೀಬೇಡ, ಯೋಚನೆ ಮಾಡು" ಎಂದು ದತ್ತ, ಸಾಧನೀಯ, ಸಾಧನೆ ಎಂದು ಮೂರು ಸಾಲು ಎಳೆದರು. ಮೊದಲ ಕೋನವೂ ಪಕ್ಕದ್ದೂ ಸೇರಿ ಸರಳಕೋನ, 180. ಆ ಪಕ್ಕದ್ದೂ ಮೂರನೆಯದೂ ಸೇರಿ ಮತ್ತೆ 180. ಎರಡೂ ಕಡೆಯಿಂದ ಪಕ್ಕದ ಕೋನವನ್ನು ಕಳೆ, ಉಳಿದವು ಸಮ. ಯಾವ ಉಪಕರಣವೂ ಇಲ್ಲದೆ, ಜಗತ್ತಿನ ಯಾವ ಎರಡು ರೇಖೆಗಳಿಗೂ. ಅಳೆದು ಗೊತ್ತಾಗುವುದು ಬೇರೆ, ಹೀಗೆ ಗೊತ್ತಾಗುವುದು ಬೇರೆ ಎಂದು ಆ ದಿನ ಮೈಗೆ ತಾಗಿತು.

ಸಮಾಂತರ ರೇಖೆಗೆ ರೈಲು ಹಳಿಯ ಉದಾಹರಣೆ ಅವರಿಗೆ ಆಗುತ್ತಿರಲಿಲ್ಲ. ತಿರುವಿನಲ್ಲಿ ಹಳಿ ಬಾಗುತ್ತದೆ, ಆಗ ಅದು ಸರಳರೇಖೆಯೇ ಅಲ್ಲ ಎನ್ನುವುದು ಅವರ ಆಕ್ಷೇಪ.

ಈಗ ಬಾಂದುಕಲ್ಲಿನ, ಅಂದರೆ ಜಮೀನಿನ ಗಡಿ ತೋರಿಸಲು ನೆಡುವ ಕಲ್ಲಿನ ವಿಷಯ. ತಿಪಟೂರಿನ ಕಡೆಯ ಒಂದು ತೆಂಗಿನ ತೋಟ, ಅಣ್ಣತಮ್ಮಂದಿರ ಪಾಲು. ಎರಡೂ ತುದಿಯ ಕಲ್ಲು ಸಿಕ್ಕಿದವು, ಟಿಪ್ಪಣಿಯ, ಅಂದರೆ ಹಳೆಯ ಸರ್ವೆ ದಾಖಲೆಯ ಅಳತೆಯೂ ಕೂಡಿತು. ಜಗಳ ಮಾತ್ರ ಮುಗಿಯಲಿಲ್ಲ. ಕಲ್ಲು ಒಂದಡಿ ದಪ್ಪ. ಹಗ್ಗವನ್ನು ಕಲ್ಲಿನ ಆ ಕಡೆಯಿಂದ ಹಿಡಿಯಿರಿ ಎಂದು ಅಣ್ಣ, ಈ ಕಡೆಯಿಂದ ಎಂದು ತಮ್ಮ. 330 ಅಡಿ ಉದ್ದಕ್ಕೆ, ಅಂದರೆ 33 ಅಡಿಯ ಗುಂಟಾ ಸರಪಳಿಯಲ್ಲಿ ಹತ್ತು ಸರಪಳಿಗೆ, ನಡುವಿನಿಂದ ಅರ್ಧ ಅಡಿ ಸರಿದರೆ 165 ಚದರ ಅಡಿ. ಒಂದು ತೆಂಗಿನ ಮರಕ್ಕೆ ಬಿಡುವಷ್ಟು ಜಾಗವೂ ಅಲ್ಲ. ಆದರೆ ಅಲ್ಲೇ ಗಡಿಯ ಮೇಲೆ ಫಲ ಬಿಡುವ ಮರವೊಂದು ನಿಂತಿತ್ತು. "ಕಲ್ಲಿಗೆ ದಪ್ಪ ಇದೆ, ಗಡಿಗೆ ಇಲ್ಲ. ಗಡಿ ಎಲ್ಲಿದೆ ಅಂತ ತೋರಿಸೋಕೆ ಕಲ್ಲು ನೆಟ್ಟಿರೋದು" ಎಂದು ನಾನು ಹೇಳಿದಾಗ ಅಣ್ಣನಾದವನು "ಸ್ವಾಮಿ, ದಪ್ಪ ಇಲ್ಲದ ಗಡಿ ಇಟ್ಟುಕೊಂಡು ನಾನೇನು ಮಾಡಲಿ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಕಡೆಗೆ ಹಗ್ಗ ನಡುಮಧ್ಯದಿಂದಲೇ ಹಾಯ್ದಿತು. ಮರ ಎರಡು ಮನೆಗೂ ಸೇರಿತು, ಕಾಯಿ ಕೀಳಿಸುವ ಸರದಿಯನ್ನು ಅವರೇ ಮಾತಾಡಿಕೊಂಡರು.

ದಪ್ಪ ಇರುವ ಕಲ್ಲಿನ ಲೆಕ್ಕ, ದಪ್ಪ ಇಲ್ಲದ ಗಡಿಯ ಲೆಕ್ಕ, ಇಂಥ ಎರಡು ಬಗೆಯ ಲೆಕ್ಕವನ್ನು ನಮ್ಮ ನಾಡಿನವರು ಎಂದೋ ಬೇರೆ ಮಾಡಿಟ್ಟಿದ್ದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, 9ನೇ ಶತಮಾನದ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಥರ ಹೇಳುತ್ತಾನೆ. ವೃತ್ತದ ಪರಿಧಿಗೆ ವ್ಯವಹಾರದಲ್ಲಿ ವ್ಯಾಸದ 3 ಪಟ್ಟು ಸಾಕು. ಸೂಕ್ಷ್ಮ ಬೇಕೆಂದರೆ 10ರ ವರ್ಗಮೂಲದಷ್ಟು ಪಟ್ಟು. ಆ ಸೂಕ್ಷ್ಮವೂ ಪೂರ್ತಿ ಸರಿಯಲ್ಲ ಎಂದು ಇಂದು ಗೊತ್ತಿದೆ, ಆದರೆ ಯಾವ ಕೆಲಸಕ್ಕೆ ಯಾವುದು ಎಂಬ ವಿವೇಕ ಅಲ್ಲಿದೆ. ಮೇಷ್ಟ್ರು ಈ ಹೆಸರನ್ನು ಒಮ್ಮೆಯೂ ಎತ್ತಿದ ನೆನಪಿಲ್ಲ. ಹಿಲ್ಬರ್ಟನ ಬದಲು ಮಹಾವೀರನನ್ನು ಹೇಳಿದ್ದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರೇನೋ.

ಒಂಬತ್ತನೇ ತರಗತಿಯಲ್ಲಿ ತ್ರಿಭುಜಗಳ ಸರ್ವಸಮತೆ ಶುರುವಾಯಿತು. ಅದನ್ನು ಬರೆಯಬೇಕಾದವಳು ನಾನಲ್ಲ, "ಭಾಗ ಅಂದ್ರೆ ಏನು ಸಾರ್" ಎಂದು ಕೇಳಿದ ಆ ಗೆಳತಿ. ಈಗ ಅವಳೇ ಬೇರೊಂದು ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಳೆ. ಮುಂದಿನ ಸಂಚಿಕೆಗೆ ಸಂಪಾದಕರು ಅವಳನ್ನು ಹಿಡಿಯಲಿ; ಫೋನ್ ನಂಬರ್ ನನ್ನ ಹತ್ತಿರ ಇದೆ.