ಹಾಳೆಯ ಮೇಲೆ ಬರೆದ ಲೆಕ್ಕ

ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಮಾರ್ಚಿನಲ್ಲಿ ಮೇಲಿನ ಕೆರೆ ಬತ್ತಿತು. ಒಂದು ಎಚ್‌ಪಿ ಪಂಪನ್ನು ಗುಡ್ಡೆಯ ಕೆಳಗಿನ ಕೆರೆಗೆ ಇಳಿಸಿದೆವು. ಮನೆಯಿಂದ ಅಲ್ಲಿಗೆ 150 ಮೀಟರ್. ಮನೆಯಲ್ಲಿ ಉಳಿದಿದ್ದ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವಯರನ್ನೇ ಎಳೆಸಿದೆ. ಸ್ವಿಚ್ ಹಾಕಿದರೆ ಮೋಟಾರು ಸುಮ್ನೆ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಕೆಪಾಸಿಟರ್ ಬದಲಿಸಿದರೂ ಅಷ್ಟೇ. ಸಸಿಗಳು ಬಾಡುತ್ತಿದ್ದವು, ನನಗೆ ರಾತ್ರಿ ನಿದ್ದೆ ಇಲ್ಲ.

ಮೀಟರ್ ಇಟ್ಟು ನೋಡಿದೆ. ಮನೆಯಲ್ಲಿ 215 ವೋಲ್ಟ್. ಕೆರೆಯ ಹತ್ತಿರ ಪಂಪಿನ ವಯರು ಬಿಚ್ಚಿ ನೋಡಿದರೆ ಅಲ್ಲೂ 215! ಮತ್ತೆ ತೊಂದರೆ ಎಲ್ಲಿ?

"ಅಕ್ಕಾ, ಬಿಚ್ಚಿಟ್ಟು ನೋಡಿದ್ರೆ ಗೊತ್ತಾಗುದಿಲ್ಲ. ಪಂಪಿಗೆ ಕೊಟ್ಟೇ ನೋಡುವ" ಎಂದ ವಯರಿಂಗಿನ ಹುಡುಗ. ಸ್ವಿಚ್ ಹಾಕಿದ್ದೇ ತಡ, ಅಂಕಿ 145ರ ಆಸುಪಾಸಿಗೆ ಕುಸಿಯಿತು. ವಯರಿಗೆ ಹಿಡಿದ ಕ್ಲ್ಯಾಂಪ್ ಮೀಟರಿನಲ್ಲಿ 20 ಆಂಪಿಯರ್. ಕೂಡಲೇ ಆಫ್ ಮಾಡಿದ. ತಿರುಗದೆ ನಿಂತ ಮೋಟಾರು ಕರೆಂಟನ್ನು ಜಾಸ್ತಿ ಎಳೆಯುತ್ತದೆ, ಬಿಟ್ಟರೆ ಸುಟ್ಟೇ ಹೋಗುತ್ತದೆ.

ಬುಡದಲ್ಲಿ ಒಂದು ಅಡಿಕೆ ಹಾಳೆ ಬಿದ್ದಿತ್ತು. ಅದರ ನುಣುಪಾದ ಒಳಮೈಯಲ್ಲಿ ಪೆನ್ನಿನಿಂದ ಲೆಕ್ಕ ಹಾಕಿದೆ. ಈ ವಯರು ಕಿಲೋಮೀಟರಿಗೆ ಸುಮಾರು 12 ಓಮ್ ತಡೆ ಒಡ್ಡುತ್ತದೆ. ಕರೆಂಟು ಹೋಗಿ ವಾಪಸೂ ಬರಬೇಕು ಅಲ್ವಾ? ಹಾಗಾಗಿ 300 ಮೀಟರ್, 3.6 ಓಮ್. 20 ಆಂಪಿಯರಿಗೆ ಗುಣಿಸಿದರೆ 72 ವೋಲ್ಟ್. ಅಷ್ಟನ್ನೂ ದಾರಿಯಲ್ಲೇ ವಯರು ತಿನ್ನುತ್ತಿತ್ತು. ಪಂಪು ಬಿಚ್ಚಿದ್ದಾಗ ಕರೆಂಟೇ ಹರಿಯುವುದಿಲ್ಲ. ಸೊನ್ನೆಗೆ ಎಷ್ಟು ಓಮ್ ಗುಣಿಸಿದರೂ ಸೊನ್ನೆ. ಅದಕ್ಕೇ ಪೂರ್ತಿ 215 ಕಂಡದ್ದು.

ಸಪೂರ ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ನೀರಿನ ಒತ್ತಡ ಬೆರಳನ್ನೇ ತಳ್ಳುತ್ತದೆ. ಬಿಟ್ಟರೆ ನೀರು ಸೊರಗಿ ಬೀಳುತ್ತದೆ. ಇದು ತೋಟದಲ್ಲಿ ದಿನಾ ಕಾಣುವ ವಿಷಯ, ವಯರಿನ ಕಥೆಯೂ ಹೀಗೇ. ಜರ್ಮನಿಯ ಮೇಷ್ಟ್ರು ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ, ಕರೆಂಟನ್ನು ತಡೆಯಿಂದ ಗುಣಿಸಿದರೆ ವೋಲ್ಟ್ ಸಿಗುತ್ತದೆ ಎನ್ನುವ ನಿಯಮವನ್ನು ನಾನು ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಅರ್ಥವಾದದ್ದು ಮಾತ್ರ ಆ ಕೆರೆದಂಡೆಯಲ್ಲಿ. ಮಕ್ಕಳಿಗೆ ಈ ಪಾಠವನ್ನು ಒಮ್ಮೆಯಾದರೂ ತೋಟದಲ್ಲೇ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬದಿಯಡ್ಕದಿಂದ 4 ಚದರ ಮಿಲಿಮೀಟರಿನ ವಯರು ತಂದೆವು. ದಪ್ಪ ವಯರಿಗೆ ತಡೆ ಕಡಿಮೆ, ಹೋಗಿ ಬರಲು ಬರೀ 1.4 ಓಮ್. ಸ್ವಿಚ್ ಹಾಕಿದ ಕೂಡಲೇ ಮೋಟಾರು ತಿರುಗಿತು. ಓಡುವಾಗ 7 ಆಂಪಿಯರ್, ನಷ್ಟ ಹತ್ತೇ ವೋಲ್ಟ್. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಸಾಲಿನ ಸ್ಪ್ರಿಂಕ್ಲರ್ ಚಟಚಟ ಅಂತ ನೀರು ಚಿಮ್ಮತೊಡಗಿತು.