ಮನೆಯ ಥರ್ಮೋಬ್ಯಾಲೆನ್ಸ್: ಮೈಲುತುತ್ತದ ಗ್ರಾಫ್ ಬಂತು

ಕೊನೆಗೂ ಓದಬಹುದಾದಂಥ ಒಂದು ಗ್ರಾಫ್ ಸಿಕ್ಕಿದೆ. ಹೊಸದಾಗಿ ಓದುವವರಿಗೆ ಎರಡು ಮಾತು: ವಸ್ತುವನ್ನು ನಿಧಾನಕ್ಕೆ ಕಾಯಿಸುತ್ತಾ, ಯಾವ ಬಿಸಿಗೆ ಎಷ್ಟು ತೂಕ ಇಳಿಯಿತು ಅಂತ ಬರೆದಿಡುವುದು ಥರ್ಮೋಗ್ರಾವಿಮೆಟ್ರಿ. ಜಪಾನಿನ ವಿಜ್ಞಾನಿ ಕೊಟಾರೊ ಹೊಂಡಾ 1915ರಲ್ಲೇ ಇದಕ್ಕೊಂದು ತಕ್ಕಡಿ, ಅಂದರೆ ಥರ್ಮೋಬ್ಯಾಲೆನ್ಸ್, ಮಾಡಿದ್ದರು.

ನನ್ನದು ಸರಳ. ಮೇಲೆ ಮಿಲಿಗ್ರಾಂ ತೋರಿಸುವ ತಕ್ಕಡಿ. ಅದರ ಅಡಿಯ ಕೊಕ್ಕೆಯಿಂದ ತೆಳು ತಂತಿಯಲ್ಲಿ ಇಳಿಬಿಟ್ಟ ಪಿಂಗಾಣಿ ಕ್ರೂಸಿಬಲ್ (ವಸ್ತು ಇಟ್ಟು ಕಾಯಿಸುವ ಪುಟ್ಟ ಬಟ್ಟಲು). ಅದರ ಸುತ್ತ ನೈಕ್ರೋಮ್ ತಂತಿಯ ಕಾಯಿಲಿನ ಕುಲುಮೆ, ಪಕ್ಕದಲ್ಲಿ ಬಿಸಿ ಅಳೆಯಲು ಕೆ-ಟೈಪ್ ಥರ್ಮೋಕಪಲ್.

ಜಾಸ್ತಿ ಸಮಯ ತಿಂದಿದ್ದು ಗಾಳಿ. ಬಿಸಿಗಾಳಿ ಮೇಲೇಳುವಾಗ ಕ್ರೂಸಿಬಲನ್ನು ತಳ್ಳುತ್ತದೆ. ಒಳಗೆ ಏನೂ ಇಲ್ಲದಿದ್ದರೂ ತೂಕ ಬದಲಾದಂತೆ ಕಾಣುತ್ತದೆ. ಹಾಗಾಗಿ ಪ್ರತಿ ಸಲವೂ ಮೊದಲು ಖಾಲಿ ಕ್ರೂಸಿಬಲನ್ನು ಅದೇ ವೇಗದಲ್ಲಿ ಕಾಯಿಸಿ, ಆ ಅಂಕಿಗಳನ್ನು ಆಮೇಲೆ ಕಳೆಯುತ್ತೇನೆ. ಇದನ್ನು ಬಿಟ್ಟರೆ ಗ್ರಾಫನ್ನು ನಂಬುವ ಹಾಗೇ ಇಲ್ಲ.

ಮೊದಲ ಪರೀಕ್ಷೆಗೆ ಮೈಲುತುತ್ತ, ಅಂದರೆ ನೀರು ಸೇರಿದ ಕಾಪರ್ ಸಲ್ಫೇಟಿನ ನೀಲಿ ಹರಳು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ಬೆಳೆಗಾರರ ಮನೆಯಲ್ಲಿ ಇದು ಇದ್ದೇ ಇರುತ್ತೆ, ಅಲ್ವಾ? ಕರಗಿಸಿ, ಸೋಸಿ, ಮತ್ತೆ ಹರಳುಗಟ್ಟಿಸಿ ಪುಡಿ ಮಾಡಿಕೊಂಡೆ. ಇದು ವಿಷ, ಅಡುಗೆ ಪಾತ್ರೆ ಮುಟ್ಟಬಾರದು.

ಇದರ ಒಂದೊಂದು ಕಾಪರ್ ಸಲ್ಫೇಟಿಗೆ ಐದು ನೀರಿನ ಅಣು. ಒಂದು ಹೋದರೆ ತೂಕ 7.2% ಇಳಿಯಬೇಕು. ನಿಮಿಷಕ್ಕೆ 10 ಡಿಗ್ರಿ ಏರಿಸಿದಾಗ ಮೊದಲ ನಾಲ್ಕು ನೀರು ಒಟ್ಟಿಗೆ ಇಳಿದಂತೆ ಕಂಡಿತು. ವೇಗ 2 ಡಿಗ್ರಿಗೆ ಇಳಿಸಿದೆ. ಆಗ ಎರಡು, ಮತ್ತೆರಡು ಅಂತ ಮೆಟ್ಟಿಲು ಬಿಡಿಸಿಕೊಂಡಿತು! ಅಲ್ಲಿಂದ ಗೆರೆ ಬಹಳ ಹೊತ್ತು ಅಡ್ಡಡ್ಡ ಸಾಗಿತು. ಐದನೆಯದು ಜಾಗ ಬಿಟ್ಟಿದ್ದು 200 ಡಿಗ್ರಿ ದಾಟಿದ ಮೇಲೆ. ಆ ಹೊತ್ತಿಗೆ ಪುಡಿಯೂ ನೀಲಿ ಕಳೆದುಕೊಂಡು ಬೂದುಬಿಳಿ ಆಗಿತ್ತು.

ನೀರು 100ಕ್ಕೆ ಕುದಿಯುತ್ತದೆ, ಇದೊಂದು ಯಾಕೆ ಇಷ್ಟು ಹಠ ಮಾಡುತ್ತೆ? ಸಾಮಾನ್ಯವಾಗಿ ಕೊಡುವ ಉತ್ತರ 1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ವಿಜ್ಞಾನಿಗಳು ಎಕ್ಸ್-ರೇಯಿಂದ ಬಿಡಿಸಿದ ಹರಳಿನ ರಚನೆಯಲ್ಲಿದೆ. ನಾಲ್ಕು ನೀರು ತಾಮ್ರಕ್ಕೆ ಅಂಟಿಕೊಂಡಿವೆ. ಐದನೆಯದು ತಾಮ್ರವನ್ನು ಮುಟ್ಟುವುದೇ ಇಲ್ಲ, ಹೈಡ್ರೋಜನ್ ಬಂಧಗಳಿಂದ ಸಲ್ಫೇಟಿಗೆ ಕಟ್ಟಿಕೊಂಡಿದೆ. ನೀರೆಲ್ಲ ಒಂದೇ ಥರ ಕಟ್ಟಿಕೊಂಡಿಲ್ಲ ಅನ್ನುವುದರ ಸುಳಿವು ಮನೆಯ ತಕ್ಕಡಿಯಲ್ಲೂ ಕಾಣುತ್ತದೆ ಅನ್ನುವುದು ನನಗೆ ನಿಜಕ್ಕೂ ದೊಡ್ಡ ಖುಷಿ.

300 ಡಿಗ್ರಿಗೆ ನಿಲ್ಲಿಸಿದೆ. ಇನ್ನೂ ತುಂಬಾ ಮೇಲೆ ಹೋದರೆ ಸಲ್ಫೇಟೇ ಒಡೆದು ಗಂಧಕದ ಕೆಟ್ಟ ಅನಿಲ ಬರುತ್ತದೆ, ಮನೆಯಲ್ಲಿ ಅದು ಬೇಡ.

ಮುಂದಿನದು ಜಿಪ್ಸಂ. ಅದರ ನೀರು ಎರಡು ಹಂತದಲ್ಲಿ ಹೋಗುತ್ತದೆ, ತೂಕ ಮೊದಲು 15.7%, ಆಮೇಲೆ 5.2% ಇಳಿಯಬೇಕು. ತೆರೆದ ಕ್ರೂಸಿಬಲಿನಲ್ಲಿ ಈ ಎರಡು ಮೆಟ್ಟಿಲು ಬೆರೆತುಹೋಗುತ್ತವೆ. ಆವಿ ಸ್ವಲ್ಪ ಹೊತ್ತು ಒಳಗೇ ಉಳಿಯುವಂತೆ ಸೂಜಿತೂತಿನ ಮುಚ್ಚಳ ಮಾಡುತ್ತಿದ್ದೇನೆ.